ಅಪ್ಪ ಮೇಷ್ಟ್ರಾದ ಶನಿವಾರ

ನಾನು ಚಿಕ್ಕವಳಿದ್ದಾಗ ಸೋಮನಾಥಪುರದ ಗುಡಿಯನ್ನು ದಿನವೂ ನೋಡುತ್ತಿದ್ದೆ. ಆದರೂ ಅದನ್ನು ಮನುಷ್ಯರು ಕಟ್ಟಿದರೆಂದು ನಂಬಿರಲಿಲ್ಲ. ಅಷ್ಟು ದೊಡ್ಡ ಕಲ್ಲುಗಳನ್ನು ಎತ್ತಿದ್ದು ಭೂತಗಳೇ ಎಂದು ನಮ್ಮ ತರಗತಿಯವರೆಲ್ಲ ಹೇಳುತ್ತಿದ್ದೆವು.

ಇತಿಹಾಸದ ಮೇಷ್ಟ್ರು ನರಸೀಪುರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ನಮ್ಮ ಮಾತು ಕೇಳಿ ಅವರು ನಗಲಿಲ್ಲ. ಪುಸ್ತಕ ಮುಚ್ಚಿ, ಹೊಯ್ಸಳರ ಕಾಲದ ಆಳುಗಳು ಮಾಡಿದ್ದನ್ನು ನಾವೂ ಮಾಡಿ ನೋಡೋಣ ಎಂದರು. ಶಾಲೆಯ ಬಾಗಿಲ ಮೆಟ್ಟಿಲಿಗೆಂದು ತಂದ ಕಲ್ಲಿನ ಚಪ್ಪಡಿಯೊಂದು ಹುಣಸೆಮರದ ಕೆಳಗೆ ವರ್ಷಗಳಿಂದ ಬಿದ್ದಿತ್ತು. ಅದನ್ನು ಬಾಗಿಲಿಗೆ ತರುವುದೇ ನಮ್ಮ ಪಾಠ.

ಶನಿವಾರ ಬೆಳಿಗ್ಗೆ ಹುಡುಗರು ಅಪ್ಪಂದಿರ ಪಂಚೆಯನ್ನು ಕಚ್ಚೆ ಕಟ್ಟಿ ಬಂದರು. ಹುಡುಗಿಯರು ಸೊಂಟಕ್ಕೆ ಟವೆಲ್ಲು ಬಿಗಿದೆವು. ಏಳನೇ ತರಗತಿಯಲ್ಲಿದ್ದ ನನ್ನ ಅಕ್ಕ ಹಗ್ಗದ ಮುಂದಿನ ತುದಿ ಹಿಡಿದಳು. ಎಲ್ಲರೂ ಸೇರಿ ಎಳೆದೆವು. ಚಪ್ಪಡಿ ಅಲುಗಲಿಲ್ಲ, ಹಗ್ಗವೇ ಕಿತ್ತುಹೋಯಿತು. ಒಬ್ಬರ ಮೇಲೊಬ್ಬರು ಬಿದ್ದೆವು. ಬಾಯಲ್ಲಿ ಮಣ್ಣು, ಮೊಣಕೈಯಲ್ಲಿ ರಕ್ತ. ಹೆಡ್ಮೇಷ್ಟ್ರು ಹೊರಬಂದು, ಮನೆಗೆ ಬಿಡುವ ಗಂಟೆಯೊಳಗೆ ಕಲ್ಲು ಬಾಗಿಲಿಗೆ ಬರದಿದ್ದರೆ ಇಂಥ ಪಾಠ ಇದೇ ಕೊನೆ ಎಂದರು. ನಮ್ಮ ಮೇಷ್ಟ್ರ ಮುಖ ಸಣ್ಣದಾಯಿತು.

ನಾನು ಯಾರನ್ನೂ ಕೇಳದೆ ಓಡಿದೆ. ಅಪ್ಪ ಊರಾಚೆಯ ಬಂಡೆಯಲ್ಲಿ ಕಲ್ಲು ಒಡೆಯುತ್ತಿದ್ದ. ಹೆಗಲ ಮೇಲೆ ಹಾರೆ, ಕಲ್ಲಿನ ಪುಡಿಯಿಂದ ಬೆಳ್ಳಗಾದ ರೆಪ್ಪೆ. ಹಾಗೇ ನನ್ನ ಹಿಂದೆ ಬಂದವನು ಶಾಲೆಯ ಗೇಟಿನಲ್ಲಿ ನಿಂತುಬಿಟ್ಟ. ಅವನ ಚಿಕ್ಕಂದಿನಲ್ಲಿ ನಮ್ಮ ಕೇರಿಯ ಮಕ್ಕಳನ್ನು ಹೊರಗೇ ಕೂರಿಸುತ್ತಿದ್ದರಂತೆ. ಎರಡು ದಿನ ಹಾಗೆ ಕೂತು, ಮೂರನೇ ದಿನ ಬಂಡೆ ಕೆಲಸಕ್ಕೆ ಹೋದವನು ಮತ್ತೆ ಇತ್ತ ಬಂದಿರಲಿಲ್ಲ.

ಮೇಷ್ಟ್ರೇ ಗೇಟಿಗೆ ಹೋಗಿ, ಮಕ್ಕಳಿಗೆ ಹೇಳಿಕೊಡಿ ಎಂದು ಕೇಳಿದರು.

“ನಂಗೆ ಅಕ್ಸರ ಬರಾಕಿಲ್ಲ ಸಾ,” ಎಂದ ಅಪ್ಪ.

“ನಂಗೆ ಕಲ್ಲು ಬರಲ್ಲ. ಇವತ್ತು ನೀವೇ ಮೇಷ್ಟ್ರು.”

ಅಪ್ಪ ಒಳಗೆ ಬಂದು ಚಪ್ಪಡಿಯನ್ನು ಎತ್ತಿನ ಬೆನ್ನು ತಟ್ಟುವಂತೆ ತಟ್ಟಿದ. “ಸುಮ್ಕೆ ಎಳೀಬ್ಯಾಡಿ ಕಣ್ರಪ್ಪಾ. ಮೊದ್ಲು ಎಬ್ಬುಸ್ಬೇಕು, ಆಮ್ಯಾಕೆ ಅದೇ ನಡೀತದೆ.”

ಗುಂಡುಕಲ್ಲಿನ ಮೇಲೆ ಹಾರೆಯಿಟ್ಟು ಅದುಮಿದ. ಚಪ್ಪಡಿಯ ಅಂಚು ಮೇಲೆದ್ದಿತು! ಚಪ್ಪರಕ್ಕೆಂದು ಇಟ್ಟಿದ್ದ ಸರ್ವೆ ಕಂಬಗಳನ್ನು ಸಂದಿಗೆ ತೂರಿಸಿ, ಕಿತ್ತ ಹಗ್ಗವನ್ನು ಗಂಟು ಹಾಕಿ ಬಿಗಿದ. ಅವನು ‘ಐಸಾ’ ಎಂದರೆ ನಲವತ್ತು ಗಂಟಲುಗಳು ‘ಐಸಾ’ ಎನ್ನುತ್ತಿದ್ದವು. ಕಲ್ಲು ಕಂಬಗಳ ಮೇಲೆ ಗುಡುಗುಡು ಉರುಳಿತು. ಹಿಂದೆ ಉಳಿದ ಕಂಬವನ್ನು ಅಕ್ಕ ಹೊತ್ತೋಡಿ ಮುಂದಿಡುತ್ತಿದ್ದಳು. ಬಾಗಿಲ ಬಳಿ ಮೇಷ್ಟ್ರು ಬರಿಗಾಲಲ್ಲಿ ಮಣ್ಣು ತುಳಿದು ಏರು ಮಾಡಿದರು. ಕೊನೆಯ ಎಳೆತಕ್ಕೆ ಹಗ್ಗದಲ್ಲಿ ಹೊಸ ಬಲ ಬಂದಂತಾಯಿತು. ತಿರುಗಿ ನೋಡಿದರೆ ಹೆಡ್ಮೇಷ್ಟ್ರು, ಶರ್ಟಿನ ತೋಳು ಮಡಚಿ ಎಳೆಯುತ್ತಿದ್ದರು.

ಧಡ್ಡನೆ ಕಲ್ಲು ಜಾಗದಲ್ಲಿ ಕೂತಿತು. ನಾವು ಕುಣಿದ ಕುಣಿತಕ್ಕೆ ಹುಣಸೆಮರದ ಗಿಳಿಗಳೆಲ್ಲ ಹಾರಿಹೋದವು. ಗಂಟೆ ಹೊಡೆಯುವುದನ್ನೇ ಎಲ್ಲರೂ ಮರೆತರು.

ಮೊದಲು ನೀವೇ ಹತ್ತಬೇಕು ಎಂದು ಹೆಡ್ಮೇಷ್ಟ್ರು ಅಪ್ಪನಿಗೆ ಹೇಳಿದರು. ಅಪ್ಪ ಕಾಲು ಒರೆಸಿಕೊಂಡು ಮೆಟ್ಟಿಲು ಹತ್ತಿ ತರಗತಿಯೊಳಗೆ ಹೋದ. ನಾವೂ ನುಗ್ಗಿ, ನಮ್ಮ ನಮ್ಮ ಜಾಗದಲ್ಲಿ ನಿಂತು, ಮೇಷ್ಟ್ರುಗಳಿಗೆ ಹೇಳುವ ಹಾಗೆಯೇ ರಾಗವಾಗಿ ‘ನಮಸ್ಕಾರ ಸಾ’ ಎಂದೆವು. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. ಆಮೇಲೆ ಜಡ್ಡುಗಟ್ಟಿದ ಅಂಗೈಗಳನ್ನು ಬಿಡಿಸಿ ತೋರಿಸಿದ.

“ಗುಡಿ ಕಟ್ದೋರ ಕೈಯೂ ಇಂಗೇ ಇದ್ದಿರ್ತವೆ ಕಣ್ರವ್ವಾ.”

ಮಕ್ಕಳೇ, ನಂಜನಗೂಡಿನ ಮನೆಯಲ್ಲಿ ಕೂತೇ ನೀವು ಆ ಗುಡಿಯ ಶಿಖರವನ್ನು ಫೋನಿನಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತೀರಿ. ನಿಮ್ಮ ಶಾಲೆಯ ಕಲ್ಲುಗಳನ್ನು ಜೆಸಿಬಿ ಬಂದು ಎತ್ತಿಟ್ಟು ಹೋಗುತ್ತದೆ. ನಾನೂ ಬಾಯಿ ಬಿಟ್ಟುಕೊಂಡು ನೋಡುತ್ತೇನೆ. ಆದರೆ ಅದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದಿದೆ. ನಿಮ್ಮ ಶಾಲೆಯ ಮೀಟಿಂಗಿಗೆ ಹೋದಾಗ ನಿಮ್ಮಮ್ಮ, ನನ್ನ ಮಗಳು, ಯಾರಾದರೂ ಕರೆಯಲಿ ಎಂದು ಕಾಯುವುದಿಲ್ಲ. ನೇರವಾಗಿ ಒಳಗೆ ನಡೆದು, ಕುರ್ಚಿ ಎಳೆದು ಕೂರುತ್ತಾಳೆ. ಅದನ್ನು ನೋಡಲೆಂದೇ ನಾನು ಪ್ರತಿ ಸಲವೂ ಅವಳ ಜೊತೆ ಹೊರಡುತ್ತೇನೆ.