ಇಲ್ಲದ ಜನರೇಟರಿಗಾಗಿ ಕಾದ ಲಿಫ್ಟು

ನಮ್ಮ ಕಟ್ಟಡಕ್ಕೆ ಲಿಫ್ಟು ಬಂದ ಮೇಲೆ ನನ್ನ ಆರೋಗ್ಯದ ಕೀರ್ತಿ ವಿಜಯನಗರದ ನಮ್ಮ ಅಡ್ಡರಸ್ತೆಯಲ್ಲೆಲ್ಲ ಹಬ್ಬಿತು. ಅದಕ್ಕೆ ಮೊದಲೂ ನಾನು ಮೆಟ್ಟಿಲು ಹತ್ತಿಯೇ ಮನೆ ಸೇರುತ್ತಿದ್ದೆ. ಬೇರೆ ದಾರಿಯೇ ಇಲ್ಲದ ಆ ಕಾಲದಲ್ಲಿ ಅದನ್ನು ಯಾರೂ ಒಂದು ಗುಣವೆಂದು ಎಣಿಸಿರಲಿಲ್ಲ. ಲಿಫ್ಟು ಬಂದು, ಅದು ಬಾಗಿಲು ತೆರೆದು ಕರೆಯುತ್ತಿದ್ದರೂ ಅದರತ್ತ ಕಡೆಗಣ್ಣಿನಲ್ಲಿ ನೋಡಿ, ತರಕಾರಿ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಏದುಸಿರು ಬಿಡುತ್ತ ನಾನು ಮೆಟ್ಟಿಲಿನತ್ತ ತಿರುಗುವುದನ್ನು ಕಂಡಾಗಲೆಲ್ಲ ಕಟ್ಟಡದ ಮಾಲೀಕರಾದ ನರಸಿಂಹಣ್ಣ ತಮ್ಮ ಸೊಸೆಗೆ, “ನೋಡಮ್ಮ, ಐವತ್ತು ದಾಟಿದ್ರೂ ಬಾಡೀನ ಹೆಂಗಿಟ್ಕೊಂಡವ್ರೆ!” ಎಂದು ಉಪದೇಶ ಮಾಡುತ್ತಿದ್ದರು. ಬಿಟ್ಟಿಯಾಗಿ ಬಂದ ಹೊಗಳಿಕೆಯನ್ನು ತಿದ್ದುವಷ್ಟು ಸತ್ಯಸಂಧತೆ ನನ್ನಲ್ಲಿಲ್ಲ. ನಿಮಗೆ ಮಾತ್ರ ಹೇಳುತ್ತೇನೆ: ಅದು ಆರೋಗ್ಯವಲ್ಲ, ಭಯ. ಆ ಲಿಫ್ಟನ್ನು ಏರಿಸಿ ಇಳಿಸುವ ಪ್ರೋಗ್ರಾಮನ್ನು ಸಿದ್ಧಪಡಿಸಿದವಳು ನಾನೇ.

ಅಡುಗೆ ಮಾಡಿದವರು ತಾವೇ ಉಣ್ಣದಿದ್ದರೆ ಬಡಿಸಿಕೊಂಡವರಿಗೆ ಅನುಮಾನ ಬರುವುದು ಸಹಜ. ಆದರೆ ನನ್ನ ಭಯಕ್ಕೂ ಒಂದು ಇತಿಹಾಸವಿದೆ. ನಾನು ಹುಟ್ಟಾ ಅಂಜುಬುರುಕಿ. ಬೀಗ ಹಾಕಿದೆನೋ ಇಲ್ಲವೋ ಎಂದು ರಸ್ತೆಯ ತಿರುವಿನಿಂದ ಹಿಂತಿರುಗಿ ಬಂದು ಜಗ್ಗಿ ನೋಡುವವಳು. ಜಗ್ಗಿ ನೋಡಿದ ಮೇಲೆ, ಜಗ್ಗುವಾಗ ಅದೇ ಸಡಿಲವಾಯಿತೇನೋ ಎಂದು ಬಸ್ಸಿನಲ್ಲಿ ಕುಳಿತು ಚಿಂತಿಸುವವಳು. ಗ್ಯಾಸು, ಗೀಸರು, ಇಸ್ತ್ರಿಪೆಟ್ಟಿಗೆ ಈ ಮೂವರೇ ನನ್ನ ಪಾಲಿಗೆ ತ್ರಿಮೂರ್ತಿಗಳು. ಇಂಥ ಜೀವಕ್ಕೆ ದೈವ ದಯಪಾಲಿಸಿದ ಉದ್ಯೋಗವೆಂದರೆ ರಾಜಾಜಿನಗರದ ಕೈಗಾರಿಕಾ ವಸಾಹತುವಿನಲ್ಲಿ, ಎಡಕ್ಕೆ ಸ್ಪ್ರಿಂಗು ಸುತ್ತುವವರೂ ಬಲಕ್ಕೆ ಪೌಡರ್ ಕೋಟಿಂಗಿನವರೂ ಇರುವ ಒಂದು ಶೆಡ್ಡಿನಲ್ಲಿ, ಲಿಫ್ಟುಗಳ ಕಂಟ್ರೋಲ್ ಬೋರ್ಡಿಗೆ ಪ್ರೋಗ್ರಾಮು ತುಂಬುವುದು.

ನಮ್ಮ ಪ್ರೋಗ್ರಾಮು ಒಂದೇ. ಕಟ್ಟಡಗಳು ಹಲವು, ಬೋರ್ಡುಗಳು ಹಲವು. ಹಳೆಯ ಎಲೆಕ್ಟ್ರಾನಿಕ್ ಚಿಪ್ಪಿನ ಬೋರ್ಡು, ಹೊಸ ಚಿಪ್ಪಿನ ಬೋರ್ಡು, ನರ್ಸಿಂಗ್ ಹೋಮು, ಸೀರೆ ಅಂಗಡಿ, ಕಲ್ಯಾಣ ಮಂಟಪ, ಎಲ್ಲದಕ್ಕೂ ಅದೇ ಹೊಂದಿಕೊಳ್ಳಬೇಕು. ಮನುಷ್ಯರಿಗೆ ಅರ್ಥವಾಗುವಂತೆ ಬರೆದದ್ದನ್ನು ಆಯಾ ಚಿಪ್ಪಿಗೆ ಅರ್ಥವಾಗುವಂತೆ ಮಾರ್ಪಡಿಸುವುದಕ್ಕೆ ಕಂಪೈಲ್ ಮಾಡುವುದು ಎನ್ನುತ್ತೇವೆ. ಅದಕ್ಕೆ ಮುನ್ನ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ಚಿಪ್ಪು ಯಾವುದು? ಬಾಗಿಲು ಕೈಯಲ್ಲಿ ಎಳೆಯುವುದೋ, ತಾನೇ ತೆರೆದುಕೊಳ್ಳುವುದೋ? ಕರೆಂಟು ಹೋದರೆ ಯಾರ ಮುಖ ನೋಡಬೇಕು? ಈ ಉತ್ತರಗಳನ್ನು ಇಟ್ಟುಕೊಳ್ಳುವ ಹೆಸರುಗಳಿಗೆ ವೇರಿಯಬಲ್ ಎಂದು ಹೆಸರು. ನನ್ನ ಮನಸ್ಸಿನಲ್ಲಿ ಮಾತ್ರ ಅವು ಅಡುಗೆಮನೆಯ ಡಬ್ಬಿಗಳು.

ಡಬ್ಬಿಯನ್ನು ಖಾಲಿ ಬಿಟ್ಟರೆ ಪ್ರೋಗ್ರಾಮು ಗೊಣಗುವುದಿಲ್ಲ. ವಾಡಿಕೆಯ ಉತ್ತರವೊಂದನ್ನು ತಾನೇ ತುಂಬಿಕೊಂಡು ಮುಂದೆ ಸಾಗುತ್ತದೆ. ಕರೆಂಟಿನ ಡಬ್ಬಿಯ ವಾಡಿಕೆಯ ಉತ್ತರ ಬ್ಯಾಟರಿ: ಕರೆಂಟು ಹೋದೊಡನೆ ಬ್ಯಾಟರಿಯ ಬಲದಲ್ಲಿ ಹತ್ತಿರದ ಮಹಡಿಗೆ ಹೋಗಿ ಬಾಗಿಲು ತೆರೆ ಎಂದು ಅದರ ಅರ್ಥ. ಸಾಮಾನ್ಯ ಮನೆಗಳಿಗೆ ಇದೇ ಸರಿಯಾದ್ದರಿಂದ ನಾವು ಆ ಡಬ್ಬಿಯನ್ನು ಮುಟ್ಟುವುದೇ ಇಲ್ಲ. ದೊಡ್ಡ ಅಂಗಡಿಗಳಿಗೆ ಮಾತ್ರ ಜನರೇಟರ್ ಎಂದು ತುಂಬುತ್ತೇವೆ; ಅಲ್ಲಿ ಲಿಫ್ಟು ಇದ್ದಲ್ಲೇ ನಿಂತು, ಜನರೇಟರು ಗುಡುಗುವವರೆಗೆ ಕಾದು, ಮತ್ತೆ ಹೊರಡುತ್ತದೆ. ಇಲ್ಲೊಂದು ಅಪಾಯವಿದೆ. ಕಂಪ್ಯೂಟರಿನ ಪರದೆಯ ಯಾವ ಕಪ್ಪು ಕಿಟಕಿಯಲ್ಲಿ ಈ ಉತ್ತರಗಳನ್ನು ಟೈಪು ಮಾಡುತ್ತೇವೋ, ಅದನ್ನು ಮುಚ್ಚುವವರೆಗೂ ಅದು ಅವನ್ನು ಮರೆಯುವುದಿಲ್ಲ. ಬೆಳಿಗ್ಗೆ ಒಂದು ಕಟ್ಟಡಕ್ಕೆ ತುಂಬಿದ್ದು, ಅದೇ ಕಿಟಕಿಯಲ್ಲಿ ಮಧ್ಯಾಹ್ನ ಮಾಡಿದ ಇನ್ನೊಂದು ಕಟ್ಟಡದ ಕೆಲಸಕ್ಕೂ ಸದ್ದಿಲ್ಲದೆ ಹೋಗಿ ಸೇರುತ್ತದೆ. ಸಾರಿನ ಸೌಟನ್ನು ತೊಳೆಯದೆ ಪಾಯಸಕ್ಕೆ ಹಾಕಿದ ಹಾಗೆ. ಪಾಯಸವಾದರೆ ನಾಲಿಗೆಗೆ ತಕ್ಷಣ ಹೇಳಿಬಿಡುತ್ತದೆ. ಲಿಫ್ಟು ಕರೆಂಟು ಹೋಗುವವರೆಗೆ ಬಾಯಿ ಬಿಡುವುದಿಲ್ಲ.

ಕಂಪ್ಯೂಟರನ್ನೇಕೆ ದೂರಲಿ? ನಾನು ಕೂಡ ರಾಜಾಜಿನಗರದಲ್ಲಿ ತಯಾರಾಗಿ ವಿಜಯನಗರದಲ್ಲಿ ಓಡಬೇಕಾಗಿ ಬಂದವಳು. ತವರಿನಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಅತ್ತೆಯ ಮನೆಯಲ್ಲಿ ಸಂಪಿತ್ತು, ಬೋರ್‌ವೆಲ್ ಇತ್ತು, ತಿರುಗಿಸಿದಾಗಲೆಲ್ಲ ನೀರಿತ್ತು. ಆದರೂ ಮದುವೆಯಾದ ಹೊಸತರಲ್ಲಿ ಬೆಳಿಗ್ಗೆ ಎದ್ದವಳೇ ಕೊಡ, ಬಿಂದಿಗೆ, ಬಕೆಟ್ಟು, ಕಡೆಗೆ ಗಂಡನ ಊಟದ ಕ್ಯಾರಿಯರನ್ನೂ ಬಿಡದೆ ನೀರು ತುಂಬಿಸಿಡುತ್ತಿದ್ದೆ. ನಮ್ಮತ್ತೆ ಕಾಲಿಡಲು ಜಾಗವಿಲ್ಲದ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಯಾಕಮ್ಮಾ, ಕಾವೇರಿ ಊರು ಬಿಟ್ಟು ಹೋಗ್ತಾಳಂತಾ?” ಎಂದು ಕೇಳಿದ್ದರು. ಮುಚ್ಚದೆ ಉಳಿದ ಕಿಟಕಿ ಎಂದರೆ ಇದೇ. ಒಂದು ಮನೆಯ ಉತ್ತರವನ್ನು ಇನ್ನೊಂದು ಮನೆಯ ಪ್ರಶ್ನೆಗೆ ಕೊಡುತ್ತಿರುತ್ತೇವೆ, ಕೊಡುತ್ತಿದ್ದೇವೆಂಬುದೇ ನಮಗೆ ತಿಳಿದಿರುವುದಿಲ್ಲ.

ಈಗ ಜಯಕ್ಕನ ವಿಷಯಕ್ಕೆ ಬರುತ್ತೇನೆ. ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿರುವ ಜಯಕ್ಕ ಆಯುಷ್ಯವೆಲ್ಲ ಗಾರ್ಮೆಂಟ್ಸಿನಲ್ಲಿ ನಿಂತು ದುಡಿದು, ನಿವೃತ್ತಿಯ ಜೊತೆಗೆ ಎರಡು ಕೆಟ್ಟ ಮಂಡಿಗಳನ್ನೂ ಮನೆಗೆ ತಂದವರು. ಲಿಫ್ಟಿಲ್ಲದ ಕಾಲದಲ್ಲಿ ಅವರು ಕೆಳಗಿಳಿಯುತ್ತಿದ್ದುದು ಆಸ್ಪತ್ರೆಗೆ ಹೋಗುವಾಗ ಮಾತ್ರ. ಹೂವಿನವಳೊಡನೆ ಅವರ ಸಂಭಾಷಣೆ ಬಾಲ್ಕನಿಯಿಂದಲೇ ನಡೆಯುತ್ತಿತ್ತು, ಹೂವು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮೇಲೇರುತ್ತಿತ್ತು. ಲಿಫ್ಟು ಬಂದದ್ದೇ ತಡ, ದಿನವೂ ಸ್ನಾನ ಮಾಡಿ, ಒಗೆದು ಮಡಚಿಟ್ಟ ಸೀರೆಯುಟ್ಟು, ಹನ್ನೊಂದರ ಸುಮಾರಿಗೆ ಒಂದು ಪುಟ್ಟ ಪ್ಲಾಸ್ಟಿಕ್ ಸ್ಟೂಲಿನೊಡನೆ ಕೆಳಗಿಳಿದು, ಗಣಪತಿ ಗುಡಿಯ ಎದುರು ಕುಳಿತು, ರಸ್ತೆಯಲ್ಲಿ ಹೋಗುವ ಬರುವವರನ್ನೆಲ್ಲ ವಿಚಾರಿಸಿಕೊಳ್ಳತೊಡಗಿದರು. ಅವರಿಗೆ ಒಂದೇ ಒಂದು ತಕರಾರಿತ್ತು. “ಗಿರಿಜಾ, ನಾನು ಒಂದ್ ಕಾಲ್ ಇಡೋದ್ರೊಳಗೆ ಬಾಗ್ಲು ಮುಚ್ಕೊಳತ್ತೆ ಕಣೇ. ಸ್ವಲ್ಪ ತಾಳು ಅಂತ ಹೇಳೇ ಅದಕ್ಕೆ” ಎಂದು ಒಂದು ದಿನ ಕೇಳಿಕೊಂಡರು.

ಹೇಳಿದೆ. ಬಾಗಿಲು ಹೆಚ್ಚು ಹೊತ್ತು ತೆರೆದಿರುವಂತೆ ಬದಲಾಯಿಸಿ, ಶೆಡ್ಡಿನಲ್ಲಿ ಮತ್ತೊಮ್ಮೆ ಕಂಪೈಲ್ ಮಾಡಿ, ಸಂಜೆ ತಂದು ಬೋರ್ಡಿಗೆ ತುಂಬಿದೆ. ಲಿಫ್ಟು ಬಂದ ದಿನ ಕುಂಬಳಕಾಯಿ ಒಡೆದು, ನಿಂಬೆಹಣ್ಣು ಇಟ್ಟು, ಕರೆಂಟನ್ನು ತೆಗೆದೂ ಪರೀಕ್ಷಿಸಿದ್ದೆವು. ಈ ಸಲ ಬರೀ ಬಾಗಿಲಿನ ಕೆಲಸವಲ್ಲವೇ ಎಂದು ಬಾಗಿಲನ್ನು ಮಾತ್ರ ನೋಡಿದೆ. ಬಾಗಿಲು ಸೊಗಸಾಗಿ ತಾಳಿತು, ಜಯಕ್ಕ ನನ್ನ ಕೆನ್ನೆ ಸವರಿ ದೃಷ್ಟಿ ತೆಗೆದರು.

ಇದಾಗಿ ಕೆಲವು ದಿನಗಳ ಮೇಲೆ ಬೆಳಿಗ್ಗೆ ಬಸ್ಸಿನಲ್ಲಿ ಕಾರ್ಡ್ ರೋಡಿನ ಮೇಲೆ ಹೋಗುತ್ತಿದ್ದಾಗ, ಲೈನಿನ ಕೆಲಸಕ್ಕಾಗಿ ನಮ್ಮ ಬಡಾವಣೆಯಲ್ಲಿ ಹನ್ನೊಂದರಿಂದ ಸಂಜೆಯವರೆಗೆ ಕರೆಂಟು ಇರುವುದಿಲ್ಲ ಎಂಬ ಸಂದೇಶ ಫೋನಿಗೆ ಬಂತು. ದೋಸೆ ಹಿಟ್ಟು ರುಬ್ಬುವುದು ನಾಳೆಗೆ ಹೋಯಿತಲ್ಲ ಎಂದುಕೊಂಡೆ. ಮರುಕ್ಷಣವೇ, ಹನ್ನೊಂದು ಜಯಕ್ಕ ಲಿಫ್ಟಿನಲ್ಲಿ ಇಳಿಯುವ ಹೊತ್ತೆಂಬುದು ನೆನಪಾಯಿತು. ಬಾಗಿಲಿನ ಕೆಲಸ ಮಾಡಿದ ಆ ದಿನ ಬೆಳಿಗ್ಗೆ ನಾನು ಮಾಡಿದ್ದು ಸೀರೆ ಅಂಗಡಿಯ ಲಿಫ್ಟು. ಸೀರೆ ಅಂಗಡಿಗೆ ಜನರೇಟರ್. ಮಧ್ಯಾಹ್ನ ಕಾಫಿ ಕುಡಿದು ಬಂದು ನಾನು ಹೊಸ ಕಿಟಕಿ ತೆರೆದೆನೇ?

ನೆನಪಾಗಲಿಲ್ಲ. ಕಾಫಿ ನೆನಪಾಯಿತು, ಅದು ಕಹಿಯಾಗಿದ್ದದ್ದೂ ನೆನಪಾಯಿತು. ಕಿಟಕಿ ಮಾತ್ರ ನೆನಪಾಗಲಿಲ್ಲ. ಬೀಗ ಹಾಕಿದ್ದನ್ನು ಎರಡು ಸಲ ಜಗ್ಗಿ ನೋಡುವ ನಾನು, ಒಬ್ಬ ಹೆಂಗಸನ್ನು ಹೊತ್ತು ತರುವ ಯಂತ್ರವನ್ನು ಒಂದು ಸಲವೂ ಜಗ್ಗಿ ನೋಡಿರಲಿಲ್ಲ. ಜಯಕ್ಕನಿಗೆ ಫೋನು ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಅವರ ಫೋನು ಚಾರ್ಜರನ್ನು ಬಿಟ್ಟು ಎಲ್ಲಿಗೂ ಬಾರದ ಸ್ಥಾವರವಸ್ತುವೆಂದು ಮರೆತಿದ್ದೆ. ನರಸಿಂಹಣ್ಣನಿಗೆ ಮಾಡಿದೆ, ಅವರೂ ಎತ್ತಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು, ರಸ್ತೆ ದಾಟಿ, ಸಿಕ್ಕ ಆಟೋ ಹತ್ತಿದೆ. “ಬೇಗ ಹೋಗಿ ಅಣ್ಣ” ಎಂದ ನನ್ನ ಮುಖವನ್ನು ಕನ್ನಡಿಯಲ್ಲಿ ನೋಡಿದ ಆಟೋದವರು, “ಯಾಕ್ ಮೇಡಂ, ಗ್ಯಾಸ್ ಆಫ್ ಮಾಡಿಲ್ವಾ?” ಎಂದರು. ಗ್ಯಾಸಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು. ಸಿಗ್ನಲ್ಲಿನ ಕೆಂಪು ದೀಪ ಆರುವಂತೆಯೇ ಕಾಣಲಿಲ್ಲ, ನನ್ನ ಅಂಗೈಗಳು ಬ್ಯಾಗಿನ ಹಿಡಿಯ ಮೇಲೆ ಜಾರುತ್ತಿದ್ದವು. ಒಳಗೆ ಫ್ಯಾನಿಲ್ಲ. ಜಯಕ್ಕನಿಗೆ ಬಿ.ಪಿ. ಇದೆ. ಕೂಗಿದರೆ ಯಾರಿಗೆ ಕೇಳಿಸೀತು? ನನ್ನ ಕಲ್ಪನಾಶಕ್ತಿ ಯಾವ ಒಳ್ಳೆಯ ಕೆಲಸಕ್ಕೂ ಅಷ್ಟು ಚುರುಕಾಗಿ ಒದಗಿ ಬಂದದ್ದಿಲ್ಲ.

ನಾನು ತಲುಪುವಾಗ ಕರೆಂಟು ಹೋಗಿತ್ತು. ನರಸಿಂಹಣ್ಣ ಎರಡನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದರು. “ಮೇಡಂ, ಮಧ್ಯದಲ್ಲಿ ನಿಂತ್ಬುಟ್ಟೈತೆ. ಇದ್ರಲ್ಲಿ ಜನರೇಟರ್ ಅಂತ ಏನೋ ತೋರಿಸ್ತಾ ಐತೆ. ನಮ್ಗೆಲ್ಲೈತೆ ಜನರೇಟ್ರು?” ಎಂದರು. ಬಾಗಿಲ ಮೇಲಿನ ಪುಟ್ಟ ಫಲಕದಲ್ಲಿ, ಜನರೇಟರಿಗಾಗಿ ಕಾಯಿರಿ ಎಂಬ ಅರ್ಥದ ಕೆಂಪು ಇಂಗ್ಲಿಷ್ ಅಕ್ಷರಗಳು ಬ್ಯಾಟರಿಯ ಬಲದಲ್ಲಿ ತಾಳ್ಮೆಯಿಂದ ಹೊಳೆಯುತ್ತಿದ್ದವು. ಸೀರೆ ಅಂಗಡಿಯ ಉತ್ತರ ನಮ್ಮ ಮನೆಗೆ ಬಂದು ಕುಳಿತಿತ್ತು.

“ಜಯಕ್ಕಾ, ನಾನು ಗಿರಿಜಾ” ಎಂದು ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದೆ.

“ಬಂದ್ಯಾ? ಆಫೀಸ್ ಇರ್ಲಿಲ್ವೇನೇ?” ಎಂದಿತು ಒಳಗಿನ ದನಿ.

“ಭಯ ಆಗ್ತಿದ್ಯಾ ಜಯಕ್ಕ?”

“ಯಾಕ್ ಭಯ? ನೀನ್ ಮಾಡಿರೋದಲ್ವಾ? ನಿಂತಿದೆ ಅಂದ್ರೆ ಏನೋ ಕಾರಣಕ್ಕೇ ನಿಲ್ಸಿರ್ತೀಯಾ ಅಂತ ಸ್ಟೂಲ್ ಹಾಕ್ಕೊಂಡು ಕೂತಿದೀನಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಂಬಿಕೆಯನ್ನು ತಡೆದುಕೊಳ್ಳುವುದು ಕಷ್ಟವಾಯಿತು. ನರಸಿಂಹಣ್ಣನನ್ನು ಕರೆದುಕೊಂಡು ತಾರಸಿಯ ಮೋಟಾರಿನ ಕೋಣೆಗೆ ಹೋಗಿ, ಮೊದಲು ಮೇನ್ ಸ್ವಿಚ್ಚು ತೆಗೆದು, ಅವರು ಮೋಟಾರಿನ ಚಕ್ರವನ್ನು ಹಿಡಿದುಕೊಂಡಿರಲು ನಾನು ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಲಿಫ್ಟನ್ನು ಎರಡನೇ ಮಹಡಿಗೆ ಇಳಿಸಿದೆವು. ಕೆಳಗೋಡಿ ಬಂದು ಕೀಲಿಯಿಂದ ಬಾಗಿಲು ತೆರೆದಾಗ ಜಯಕ್ಕ ಬೆವರಿನಲ್ಲಿ ತೊಯ್ದು, ಸ್ಟೂಲಿನ ಮೇಲೆ ಬಸ್ಸಿಗೆ ಕಾಯುವವರಂತೆ ನೆಟ್ಟಗೆ ಕುಳಿತಿದ್ದರು. ನೀರು ಕೊಟ್ಟು, ಗಾಳಿ ಬೀಸಿ, ನಡೆದದ್ದನ್ನೆಲ್ಲ ಹೇಳಿದೆ. ಅವರು “ಅಂದ್ರೆ ಇಷ್ಟೊತ್ತೂ ಯಾರ್ದೋ ಸೀರೆ ಅಂಗಡಿ ಜನರೇಟರ್‌ಗೆ ಕಾಯ್ಕೊಂಡು ಕೂತಿದ್ನಾ?” ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

ಲಿಫ್ಟಿಗೆ ಬೀಗ ಹಾಕಿ, ಮರುದಿನ ಶೆಡ್ಡಿನಲ್ಲಿ ಇದ್ದ ಕಿಟಕಿಗಳನ್ನೆಲ್ಲ ಮುಚ್ಚಿ, ಹೊಸದೊಂದನ್ನು ತೆರೆದು, ಮುಟ್ಟದೆ ಬಿಡುತ್ತಿದ್ದ ಡಬ್ಬಿಯೊಳಗೂ ಬ್ಯಾಟರಿ ಎಂದು ಕೈಯಾರೆ ಬರೆದು ಕಂಪೈಲ್ ಮಾಡಿದೆ. ಬೋರ್ಡಿಗೆ ತುಂಬಿ, ಖಾಲಿ ಲಿಫ್ಟನ್ನು ಮಹಡಿ ಮಹಡಿಯ ನಡುವೆಯೂ ನಿಲ್ಲಿಸಿ, ಮೇನು ತೆಗೆದು ನೋಡಿದೆವು. ಪ್ರತಿ ಸಲವೂ ಇಳಿದು ಬಾಗಿಲು ತೆರೆಯಿತು. ಜಯಕ್ಕನಿಗೆ ಅಷ್ಟು ಸಾಲದಾಯಿತು. “ಖಾಲಿ ಡಬ್ಬ ಇಳಿದ್ರೆ ಏನ್ ಬಂತು? ನಾನ್ ಕೂರ್ತೀನಿ, ನೀನೂ ಬಾ” ಎಂದು ಸ್ಟೂಲನ್ನು ಒಳಗಿಟ್ಟೇಬಿಟ್ಟರು.

ನಾನೇ ಪ್ರೋಗ್ರಾಮು ಬರೆದ ಲಿಫ್ಟಿನೊಳಗೆ ನಾನು ಮೊದಲ ಸಲ ಕಾಲಿಟ್ಟದ್ದು ಹೀಗೆ. ಬಾಗಿಲು ಮುಚ್ಚಿತು, ಕೆಳಗಿಳಿಯತೊಡಗಿದೆವು, ನಡುವೆ ನರಸಿಂಹಣ್ಣ ಮೇನು ತೆಗೆದರು. ಫ್ಯಾನು ನಿಂತಿತು. ಮೂಲೆಯ ಸಣ್ಣ ದೀಪವೊಂದು ಬಿಟ್ಟರೆ ಎಲ್ಲ ಕತ್ತಲು, ಎಲ್ಲ ಮೌನ. ಯಂತ್ರ ತನ್ನ ಬ್ಯಾಟರಿಯನ್ನು ಹುಡುಕಿಕೊಳ್ಳುವ ಆ ಕ್ಷಣಗಳನ್ನು ಮೇಜಿನ ಮೇಲೆ ಎಷ್ಟೋ ಸಲ ನೋಡಿದ್ದೇನೆ. ಒಳಗೆ ನಿಂತಾಗ ಅವು ಇಷ್ಟು ಉದ್ದವಾಗುತ್ತವೆಂದು ಮಾತ್ರ ತಿಳಿದಿರಲಿಲ್ಲ. ಕತ್ತಲಲ್ಲಿ ಜಯಕ್ಕ ನನ್ನ ಕೈ ಹಿಡಿದರು. “ಏನೂ ಆಗಲ್ಲ ಕಣೇ” ಎಂದರು. ದನಿ ಗಟ್ಟಿಯಾಗಿತ್ತು. ಆದರೆ ಆ ಅಂಗೈ ನನ್ನದಕ್ಕಿಂತ ಹೆಚ್ಚು ಒದ್ದೆಯಾಗಿತ್ತು. ಸಿಕ್ಕಿಕೊಂಡಿದ್ದ ದಿನವೂ ಅವರು ಹೆದರಿದ್ದರೆಂದು, ಬಾಗಿಲಾಚೆ ನಿಂತ ನನಗೆ ಧೈರ್ಯ ಹೇಳಲು ಹಾಗೆ ಮಾತಾಡಿದ್ದರೆಂದು ಆಗ ನನಗೆ ತಿಳಿಯಿತು. ಲಿಫ್ಟು ಒಮ್ಮೆ ಮೆಲ್ಲಗೆ ಅಲುಗಾಡಿ, ಕೆಳಗಿನ ಮಹಡಿಗೆ ಇಳಿದು ಬಾಗಿಲು ತೆರೆಯಿತು. ಬೆಳಕಿಗೆ ಬಂದ ಮೇಲೂ ಇಬ್ಬರೂ ಕೈ ಬಿಡಲಿಲ್ಲ.

ಈಗ ನಾನು ಲಿಫ್ಟಿನಲ್ಲೇ ಓಡಾಡುತ್ತೇನೆ. ಬೋರ್ಡಿಗೆ ಹೊಸ ಪ್ರೋಗ್ರಾಮು ತುಂಬಿದ ದಿನ, ಅದು ಯಾರ ಕಟ್ಟಡವೇ ಆಗಿರಲಿ, ಖಾಲಿಯಾಗಿ ಪರೀಕ್ಷಿಸಿದ ಮೇಲೆ ಎಲ್ಲರಿಗಿಂತ ಮೊದಲು ನಾನು ಒಳಗೆ ನಿಂತು ಮೇನು ತೆಗೆಸುತ್ತೇನೆ. ಭಯ ಹೋಗಿಲ್ಲ, ಮೊದಲು ಹೊರಗೆ ನಿಂತು ಹೆದರುತ್ತಿದ್ದೆ, ಈಗ ಒಳಗೆ ನಿಂತು ಹೆದರುತ್ತೇನೆ. ನಮ್ಮ ಕಟ್ಟಡದಲ್ಲಿ ಮಾತ್ರ ನನ್ನ ಕೀರ್ತಿ ಮಣ್ಣುಪಾಲಾಗಿದೆ. ತರಕಾರಿ ಚೀಲ ಹಿಡಿದು ಲಿಫ್ಟಿಗೆ ಕಾಯುವ ನನ್ನನ್ನು ಕಂಡು ನರಸಿಂಹಣ್ಣ ಮೊನ್ನೆ ಸೊಸೆಗೆ ಹೇಳುತ್ತಿದ್ದರು: “ಪಾಪ, ಅವ್ರಿಗೂ ಮಂಡಿ ಹೋಯ್ತು ಕಣಮ್ಮ.” ನಾನು ತಿದ್ದಲಿಲ್ಲ. ಬಾಗಿಲು ತೆರೆಯಿತು, ಒಳಗೆ ಸ್ಟೂಲಿನ ಮೇಲೆ ಕುಳಿತಿದ್ದ ಜಯಕ್ಕ ಕೈ ಚಾಚಿದರು.