ನೂರ ಹತ್ತೊಂಬತ್ತನೆಯ ಪ್ರಶ್ನೆ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ದೆವ್ವ ಕಂಡಿತು, ದೇವರು ಮೈಮೇಲೆ ಬಂತು ಎಂದು ಯಾರಾದರೂ ಹೇಳಿದರೆ ಅವರ ಮುಖದೆದುರೇ ನಕ್ಕುಬಿಡುತ್ತಿದ್ದ ಕಾಲವೊಂದಿತ್ತು. ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ. ನೀವು ನಂಬದೆ, ಇದಕ್ಕೊಂದು ಸರಿಯಾದ ಕಾರಣ ಹುಡುಕಿ ಕೊಟ್ಟರೆ ನನಗೇ ಉಪಕಾರವಾದೀತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮೈಸೂರಿನಲ್ಲಿ ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಸೇರಿಕೊಂಡಿದ್ದ ನಾನು ಕ್ಷೇತ್ರಕಾರ್ಯಕ್ಕೆಂದು ನಮ್ಮೂರು ಹೊಸೂರಿಗೇ ಬಂದಿದ್ದೆ. ನನ್ನ ವಿಷಯ ಧರ್ಮದ ಅಧ್ಯಯನ. ಧರ್ಮ ಎಂದ ಕೂಡಲೇ ಪುರಾಣ ಪ್ರವಚನ ಎಂದುಕೊಳ್ಳಬೇಡಿ. ದೇವರ ಮುಂದೆ ನಿಂತ ಮನುಷ್ಯ ಏನು ಮಾಡುತ್ತಾನೆ, ಯಾಕೆ ಮಾಡುತ್ತಾನೆ ಎಂದು ಹೊರಗೆ ನಿಂತು ನೋಡಿ ಬರೆಯುವ ಕೆಲಸ ಅದು. ಭಯದಿಂದ ದೇವರು ಹುಟ್ಟಿದ ಎನ್ನುವ ವಿದ್ವಾಂಸರಿದ್ದಾರೆ, ಊರು ಒಗ್ಗಟ್ಟಾಗಿರಲೆಂದು ಹುಟ್ಟಿದ ಎನ್ನುವವರೂ ಇದ್ದಾರೆ. ನನ್ನ ಗೈಡ್ ಆಗಿದ್ದ ಮೇಷ್ಟ್ರು ಎರಡು ಪಂಗಡಕ್ಕೂ ಸೇರಿದವರಲ್ಲ. ಹೊರಡುವ ಮುನ್ನ ನನ್ನನ್ನು ಕೂರಿಸಿಕೊಂಡು, "ದೇವರಿದ್ದಾನೋ ಇಲ್ಲವೋ, ಅದು ನಮ್ಮ ಕೆಲಸ ಅಲ್ಲಮ್ಮ. ಜನ ಏನು ಕೇಳುತ್ತಾರೆ ಅಂತ ಬರೆದುಕೊಂಡು ಬಾ. ನೀನು ಮಾತ್ರ ಏನೂ ಕೇಳಬೇಡ. ಕೇಳಿದ ದಿನ ನೀನು ಸಂಶೋಧಕಿ ಅಲ್ಲ, ಭಕ್ತೆ" ಎಂದರು. ಆ ಮಾತು ನನಗೆ ಬಹಳ ಹಿಡಿಸಿತ್ತು. ನಾನು ಕೇಳುವುದುಂಟೇ ಎಂದು ನಕ್ಕಿದ್ದೆ.

ಡೆಂಕಣಿಕೋಟೆ ರಸ್ತೆಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ರಾಗಿ ಹೊಲಗಳ ನಡುವೆ ಬಯಲಮ್ಮನ ಗುಡಿ ಸಿಗುತ್ತದೆ. ಗುಡಿ ಎಂದರೆ ಮೂರು ಗೋಡೆ, ಒಂದು ಕಲ್ಲಿನ ಚಪ್ಪಡಿ, ಒಳಗೆ ಮೊಳದುದ್ದದ ದೇವಿ. ಪ್ರತಿ ಮಂಗಳವಾರ ಪೂಜಾರಿ ಮುನಿಯಪ್ಪ ಕಲ್ಲಿಗೆ ನೀರು ಹಾಕಿ, ಎರಡು ಭುಜಕ್ಕೂ ಕಣಗಿಲೆ ಹೂ ಅಂಟಿಸುತ್ತಿದ್ದ. ಬಂದವರು ತಮ್ಮ ಪ್ರಶ್ನೆ ಕೇಳಿ ಕಾಯಬೇಕು. ದೇವಿಯ ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಕನ್ನಡ, ತೆಲುಗು, ತಮಿಳು ಯಾವುದರಲ್ಲಿ ಕೇಳಿದರೂ ನಡೆಯುತ್ತಿತ್ತು. ಹಸು ಗಬ್ಬವಾಗಿದೆಯಾ, ಬೋರು ತೋಡಿದರೆ ನೀರು ಸಿಗುತ್ತದಾ, ಆನೆ ಈ ಸಲ ಹೊಲಕ್ಕೆ ನುಗ್ಗುತ್ತದಾ, ಇಂಥವೇ ಪ್ರಶ್ನೆಗಳು. ನಾನು ಗೋಡೆಗೊರಗಿ ಕೂತು ನೋಟ್‌ಬುಕ್ಕಿನಲ್ಲಿ ಸಾಲು ಹಾಕಿ ಬರೆಯುತ್ತಿದ್ದೆ: ಹೆಸರು, ಊರು, ವಯಸ್ಸು, ಪ್ರಶ್ನೆ, ಹೂ ಬಿದ್ದ ಕಡೆ. ಕೊನೆಯ ಕಾಲಂ 'ನಂತರ ಏನಾಯಿತು' ಎಂದು. ಅದನ್ನು ತುಂಬಲು ತಿಂಗಳುಗಟ್ಟಲೆ ಕಾದು, ಅವರವರ ಊರಿಗೆ ಹೋಗಿ ವಿಚಾರಿಸಿ ಬರುತ್ತಿದ್ದೆ. ಕೈಯಲ್ಲಿ ಪುಸ್ತಕ ಹಿಡಿದ ಹೆಂಗಸು ಟೀಚರೇ ಇರಬೇಕೆಂದು ಎಲ್ಲರೂ ನನ್ನನ್ನು ಟೀಚರಮ್ಮ ಎನ್ನುತ್ತಿದ್ದರು. ದೇವಿ ಹೇಳಿದ್ದು ಹೆಚ್ಚುಕಡಿಮೆ ಅರ್ಧ ನಿಜವಾಗುತ್ತಿತ್ತು, ಅರ್ಧ ಸುಳ್ಳಾಗುತ್ತಿತ್ತು. ನನಗೆ ಬೇಕಾಗಿದ್ದೂ ಅದೇ.

ಮನೆಯಲ್ಲಿ ನಾವು ಮೂವರು. ಸ್ಕೂಲ್ ಮೇಷ್ಟ್ರಾಗಿದ್ದ ಅಪ್ಪ ತೀರಿಹೋಗಿದ್ದರು. ಅಮ್ಮ, ನಾನು, ತಮ್ಮ ರಘು. ರಘುವಿಗೆ ಆಗ ಇಪ್ಪತ್ತೆರಡು. ಹೊಸೂರಿನಲ್ಲಿ ಆಗಷ್ಟೇ ತಲೆಯೆತ್ತಿದ್ದ ಫ್ಯಾಕ್ಟರಿಯೊಂದರಲ್ಲಿ ಅಪ್ರೆಂಟಿಸ್ ಆಗಿದ್ದ. ಒಂದು ಮಂಗಳವಾರ ಅವನೂ ನನ್ನ ಜೊತೆ ಗುಡಿಗೆ ಬಂದ. ತಮಾಷೆಗೆ ಬಂದವನೆಂದುಕೊಂಡಿದ್ದೆ. ಆದರೆ ಅವನು ಸಾಲಿನಲ್ಲಿ ನಿಂತು, ಕೆಲಸ ಪರ್ಮನೆಂಟ್ ಆಗುತ್ತದಾ ಎಂದು ಕೈಮುಗಿದು ಕೇಳಿದ. ಬಲಗಡೆಯ ಹೂ ಬಿತ್ತು. ಮುನಿಯಪ್ಪ ಅವನ ಕೈಗೆ ಹಳದಿ ದಾರ ಕಟ್ಟಿದ. ನಾನು ನಿಯಮದಂತೆ ಬರೆದುಕೊಂಡೆ. ಅವನದು ಎಪ್ಪತ್ತಮೂರನೆಯ ಸಾಲು.

ಮೂರು ತಿಂಗಳಾದ ಮೇಲೆ ಫ್ಯಾಕ್ಟರಿಯವರು ಅವನನ್ನು ಬೇಡವೆಂದು ಕಳಿಸಿಬಿಟ್ಟರು. ಆ ದಿನ ಊಟಕ್ಕೆ ಕೂತಾಗ ಅವನು ಸಪ್ಪಗಿದ್ದ. ನಾನು ಏನು ಮಾಡಿದೆ ಗೊತ್ತೇ? ನೋಟ್‌ಬುಕ್ ತಂದು ಅವನೆದುರೇ ಬಿಡಿಸಿ, ಕೊನೆಯ ಕಾಲಮ್ಮಿನಲ್ಲಿ 'ಆಗಲಿಲ್ಲ' ಎಂದು ಬರೆದೆ. ಬರೆದದ್ದನ್ನು ಗಟ್ಟಿಯಾಗಿ ಓದಿದೆ. "ಥ್ಯಾಂಕ್ಸ್ ಕಣೋ, ನನ್ನ ಥೀಸಿಸ್ಸಿಗೆ ಒಳ್ಳೇ ಉದಾಹರಣೆ ಆದೆ" ಎಂದೆ. ಅವನೂ ನಕ್ಕ. ಕೈಯಿಂದ ಆ ದಾರ ಬಿಚ್ಚಿ, "ಇದನ್ನೂ ಇಟ್ಕೋ ಅಕ್ಕ, ಸಾಕ್ಷಿ ಬೇಕಾಗುತ್ತೆ" ಎಂದು ನೋಟ್‌ಬುಕ್ಕಿನ ಮೇಲಿಟ್ಟ. ಮರುದಿನ ಬೆಳಿಗ್ಗೆ, ಶಿಫ್ಟಿಗೆ ಹೋಗುತ್ತಿದ್ದ ಹೊತ್ತಿಗೇ, ಸೈಕಲ್ಲೇರಿ ಹೋದವನು ಮತ್ತೆ ಬರಲಿಲ್ಲ.

ನಾಲ್ಕನೆಯ ದಿನ ಡೆಂಕಣಿಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಅವನ ಸೈಕಲ್ ಸಿಕ್ಕಿತು. ಬೀಗ ಹಾಕಿತ್ತು. ಅಲ್ಲಿಂದ ಮುಂದೆ ಕಾಡು. ಪೊಲೀಸರು ಬರೆದುಕೊಂಡರು. ನಾನು ಕಂಡಕಂಡ ಬಸ್ಸಿನ ಕಂಡಕ್ಟರಿಗೆ ಫೋಟೋ ತೋರಿಸಿದೆ. ಶಿಫ್ಟ್ ಬಿಡುವ ಹೊತ್ತಿಗೆ ಫ್ಯಾಕ್ಟರಿ ಗೇಟಿನ ಮುಂದೆ ನಿಂತು ಸಾವಿರ ಮುಖಗಳಲ್ಲಿ ಒಂದು ಮುಖ ಹುಡುಕಿದೆ. ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಗುರುತು ಸಿಗದ ಹೆಣವಿದೆಯೆಂದು ಯಾರೋ ಹೇಳಿದರು. ಹೋಗಿ ನಾನೇ ಬಟ್ಟೆ ಸರಿಸಿ ನೋಡಿದೆ. ಅವನಲ್ಲ. ಯಾರೋ ಒಬ್ಬ ತಾಯಿಯ ಮಗ ಸತ್ತು ಮಲಗಿದ್ದಾನೆ, ನನಗೆ ಸಂತೋಷವಾಗುತ್ತಿದೆ.

ಅಮ್ಮ ಅನ್ನ ಬಿಟ್ಟಿದ್ದಳು. ಗುಡಿಗುಂಡಾರ ಸುತ್ತುವವಳಲ್ಲ ಅವಳು. ಹೊಲದ ಮಧ್ಯದ ಆ ದೇವಿಯ ಬಗ್ಗೆ ಮೊದಲೆಲ್ಲ ಮೂಗು ಮುರಿಯುತ್ತಿದ್ದಳು. ಆದರೆ ಆ ದಿನಗಳಲ್ಲಿ ಅವಳ ಬಾಯಲ್ಲಿ ಒಂದೇ ಮಾತು. "ವಾರಾ ವಾರಾ ಹೋಗಿ ಊರೋರ್ದೆಲ್ಲ ಬರ್ಕೊಂಡ್ ಬತ್ತೀಯಲ್ಲೇ, ನಮ್ದೊಂದು ಕೇಳ್ಬಾರ್ದಾ? ರಘು ಬತ್ತಾನಾ ಅಂತ ಅಷ್ಟೇ ಕೇಳು." ನಾನು ಆಗಲ್ಲ ಎಂದೆ. ಕೇಳಿದರೆ ಅಧ್ಯಯನ ಕೆಡುತ್ತದೆ ಎಂದೆ. ಹೆತ್ತ ತಾಯಿಗೆ, ಆ ಸ್ಥಿತಿಯಲ್ಲಿ, ನಾನು ಆಡಿದ ಮಾತು ಇದು. ಆಮೇಲೆ ಎಷ್ಟು ಹಣೆ ಚಚ್ಚಿಕೊಂಡರೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗಲಿಲ್ಲ. ಹನ್ನೆರಡನೆಯ ದಿನ ಮಂಗಳವಾರ. ಬೆಳಿಗ್ಗೆ ಅವಳು ಮಲಗಿದಲ್ಲಿಂದಲೇ ನನ್ನ ಮುಖ ನೋಡಿದಳು. ಕೇಳಿಕೊಂಡು ಬರುತ್ತೇನಮ್ಮ ಎಂದು ಮಾತು ಕೊಟ್ಟು ಹೊರಟೆ. ಅಭ್ಯಾಸಬಲದಿಂದ ನೋಟ್‌ಬುಕ್ಕೂ ಚೀಲದಲ್ಲಿತ್ತು.

ಗುಡಿ ತಲುಪಿದಾಗ ಹತ್ತೂವರೆ. ನಾಲ್ಕೈದು ಜನ ಸಾಲಿನಲ್ಲಿದ್ದರು. ಅವರದು ಮುಗಿಯಲಿ, ಆಮೇಲೆ ಕೇಳೋಣ ಎಂದು ಯಾವತ್ತಿನಂತೆ ಗೋಡೆಗೊರಗಿ ಕೂತು ಬರೆಯತೊಡಗಿದೆ. ತಲೆ ಎತ್ತಲೂ ಶಕ್ತಿಯಿರಲಿಲ್ಲ. ಬಂದವರ ಕಾಲು ಮಾತ್ರ ಕಾಣುತ್ತಿತ್ತು. ಕೊನೆಗೆ ಒಬ್ಬಳು ಬಂದು ನಿಂತಳು. ಹೆಸರು ಕೇಳಿದೆ. "ಸಾವಿತ್ರಮ್ಮ" ಎಂದಳು. ಊರು ಹೊಸೂರು. ವಯಸ್ಸು ಐವತ್ತೆರಡು. ಎಲ್ಲ ಬರೆದೆ. ಏನು ಕೇಳಬೇಕಮ್ಮ ಎಂದೆ.

"ನನ್ ಮಗಳು ಕೇಳ್ತಾಳಾ ಅಂತ."

ಅದನ್ನೂ ಬರೆದೆ. ಬರೆದ ಮೇಲೆ ಕೈ ನಿಂತಿತು. ನಮ್ಮಮ್ಮನ ಹೆಸರು ಸಾವಿತ್ರಮ್ಮ. ವಯಸ್ಸು ಐವತ್ತೆರಡು. ತಲೆ ಎತ್ತಿದೆ. ಅವಳು ಆಗಲೇ ದೇವಿಯ ಕಡೆ ತಿರುಗಿ ನಿಂತಿದ್ದಳು, ಬೆನ್ನು ಮಾತ್ರ ಕಾಣುತ್ತಿತ್ತು. ಕಂದು ಬಣ್ಣದ ಸೀರೆ. ಸೆರಗಿನ ತುದಿಯಲ್ಲಿ ಹರಿದ ಕಡೆ ನೀಲಿ ದಾರದ ಹೊಲಿಗೆ. ಕಂದು ದಾರ ಮುಗಿದಿತ್ತೆಂದು ನೀಲಿಯಲ್ಲಿ ಹೊಲಿದವಳು ನಾನೇ. ಅಮ್ಮ ನನಗಿಂತ ಮೊದಲೇ ಬಂದುಬಿಟ್ಟಳೇ, ಯಾವ ಬಸ್ಸಿನಲ್ಲಿ ಬಂದಳು ಎಂದು ಯೋಚಿಸುತ್ತಿರುವಾಗಲೇ ಎಡಗಡೆಯ ಹೂ ಬಿತ್ತು. ಅವಳು ಕೈಮುಗಿದು ಪ್ರದಕ್ಷಿಣೆ ಹೊರಟು ಗುಡಿಯ ಹಿಂದಕ್ಕೆ ತಿರುಗಿದಳು. ನಾನು ಈ ಕಡೆ ಎದ್ದು ನಿಂತು ಕಾದೆ. ಹತ್ತು ಹೆಜ್ಜೆಯ ಸುತ್ತು ಅದು. ಅವಳು ಬರಲಿಲ್ಲ.

ಓಡಿ ಹಿಂದಕ್ಕೆ ಹೋದೆ. ಯಾರೂ ಇಲ್ಲ. ರಾಗಿ ಕೊಯ್ದು ಮುಗಿದಿದ್ದ ಹೊಲ, ಕಣ್ಣು ಹಾಯುವಷ್ಟು ದೂರ ಬರೀ ಕೂಳೆ, ನಡುಹಗಲಿನ ಬಿಸಿಲು. ಒಂದು ಕೋಳಿ ಓಡಿದರೂ ಕಾಣುವಂಥ ಬಯಲು. ಮುನಿಯಪ್ಪ ಉದ್ಧರಣೆಯಲ್ಲಿ ತೀರ್ಥ ಹಿಡಿದು ನಿಂತಿದ್ದವನು, "ಆಯಮ್ಮ ಎಲ್ ಹೋಗ್ಬುಟ್ರು ಟೀಚರಮ್ಮ? ತೀರ್ತಾನೂ ಈಸ್ಕಳ್ಳಿಲ್ಲ" ಎಂದ. ಅಂದರೆ ಅವನೂ ನೋಡಿದ್ದ. ಇದೊಂದು ಮಾತು ಇಲ್ಲದಿದ್ದರೆ, ಹನ್ನೆರಡು ದಿನ ನಿದ್ದೆಗೆಟ್ಟವಳ ತಲೆ ಕೆಟ್ಟಿತ್ತು ಎಂದು ನಾನೇ ಎಂದೋ ತೀರ್ಮಾನಿಸಿ ಸುಮ್ಮನಾಗುತ್ತಿದ್ದೆ.

ಆದರೆ ನಾನು ಹೇಳಬೇಕೆಂದಿರುವ ವಿಚಿತ್ರ ಇದಲ್ಲ. ಇದರ ನಂತರದ್ದು. ಕೇಳಿಸಿಕೊಳ್ಳಿ. ಮಗಳು ಕೇಳುತ್ತಾಳಾ ಎಂಬ ಪ್ರಶ್ನೆಗೆ ದೇವಿ ಇಲ್ಲ ಎಂದಿದ್ದಳು. ಅದನ್ನು ಸುಳ್ಳು ಮಾಡಲು ನಾನು ತಿಂಗಳುಗಟ್ಟಲೆ ಕಾಯಬೇಕಾಗಿರಲಿಲ್ಲ, ಯಾರ ಊರಿಗೂ ಹೋಗಬೇಕಾಗಿರಲಿಲ್ಲ. ಬಾಯಿ ತೆರೆದು ಕೇಳಿದರೆ ಸಾಕು. ಸಂಶೋಧಕಿಗೂ ಅದೇ ಬೇಕು, ಅಕ್ಕನಿಗೂ ಅದೇ ಬೇಕು. ಕೇಳಲೆಂದೇ ಬಂದವಳು ನಾನು. ಮುನಿಯಪ್ಪನೂ, "ಎಷ್ಟ್ ದಿನ ಅಂತ ಮಂದೀದೇ ಬರ್ಕಂತೀರ, ಇವತ್ತು ನಿಮ್ದೂ ಒಂದ್ ಕೇಳ್ಬುಡಿ" ಎಂದು ಹೊಸ ಹೂ ಅಂಟಿಸಿ ಪಕ್ಕಕ್ಕೆ ಸರಿದು ನಿಂತ. ನಾನು ದೇವಿಯ ಮುಂದೆ ಹೋಗಿ ನಿಂತೆ. ಕೈಮುಗಿದೆ.

ಕೇಳಲಾಗಲಿಲ್ಲ. ಬಾಯಿ ಕಟ್ಟಿತ್ತು ಎನ್ನೋಣವೆಂದರೆ ಅದೂ ಇಲ್ಲ. ಮುನಿಯಪ್ಪನನ್ನು ನೀರು ಕೇಳಿದೆ, ಅವನು ಚೊಂಬು ಕೊಟ್ಟ, ಕುಡಿದೆ. ಬಸ್ ಎಷ್ಟು ಹೊತ್ತಿಗೆ ಎಂದು ಕೇಳಿದೆ. ಬೇಕಾದ್ದೆಲ್ಲ ಕೇಳಿದೆ. ಮತ್ತೆ ದೇವಿಯ ಕಡೆ ತಿರುಗಿ 'ರಘು' ಎನ್ನಲು ಹೋದರೆ ಒಳಗೆ ಮಾತೇ ಇರಲಿಲ್ಲ. ಎಡಗಡೆಯ ಹೂ ಬಿದ್ದುಬಿಟ್ಟರೆ ಎಂಬ ಹೆದರಿಕೆ ಎನ್ನುತ್ತೀರೇನೋ. ತಮ್ಮನನ್ನು ಗೇಲಿ ಮಾಡಿದ ಬಾಯಿ, ನಾಚಿಕೆ ಎನ್ನುತ್ತೀರೇನೋ. ಹೆದರಿಕೆಯೂ ಇತ್ತು, ನಾಚಿಕೆಯೂ ಇತ್ತು. ಅವೆರಡೂ ಸೇರಿದರೂ ಒಬ್ಬ ಹೆಂಗಸನ್ನು ನಾಲ್ಕು ಗಂಟೆಗಳ ಕಾಲ ಹಾಗೆ ನಿಲ್ಲಿಸಲಾರವು. ಅಳುತ್ತಾ ನಿಂತೇ ಇದ್ದೆ. ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಮುನಿಯಪ್ಪನೇ ರಸ್ತೆಯವರೆಗೂ ಕರೆದುಕೊಂಡು ಬಂದು ಬಿಟ್ಟ.

ಮನೆಗೆ ಬಂದರೆ ಅಮ್ಮ ನಡುಮನೆಯಲ್ಲಿ ಮಲಗಿದ್ದಳು. ಪಕ್ಕದ ಮನೆಯ ಕಮಲಮ್ಮ ತಲೆದೆಸೆಯಲ್ಲಿ ಕೂತಿದ್ದರು. ಬೆಳಿಗ್ಗೆ ನಾನು ಹೊರಟಾಗಿನಿಂದ ಅವಳು ಎದ್ದೇ ಇಲ್ಲ, ತಾವು ಮನೆ ಬಿಟ್ಟು ಹೋಗಿಲ್ಲ ಎಂದರು. ಕಂದು ಸೀರೆ ಹಿತ್ತಲ ಹಗ್ಗದ ಮೇಲೆ ಒಣಗುತ್ತಿತ್ತು. ಬೆಳಿಗ್ಗೆ ಕಮಲಮ್ಮನೇ ಒಗೆದು ಹಾಕಿದ್ದರು. ಅಮ್ಮ ಕಣ್ಣು ಬಿಟ್ಟು, "ಕೇಳಿದ್ಯೇನೆ?" ಎಂದಳು.

ನೂರಕ್ಕೂ ಹೆಚ್ಚು ಪ್ರಶ್ನೆಗಳನ್ನು ಒಂದಕ್ಷರ ಹೆಚ್ಚುಕಡಿಮೆಯಾಗದಂತೆ ಬರೆದುಕೊಂಡಿದ್ದವಳು ನಾನು. ಆ ಒಂದನ್ನು ಮಾತ್ರ ಸುಳ್ಳು ಹೇಳಿದೆ. "ಕೇಳ್ದೆ ಕಣಮ್ಮ. ಬಲಗಡೆ ಬಿತ್ತು, ಬತ್ತಾನೆ" ಎಂದೆ. "ಹಂಗಾದ್ರೆ ಸರಿ ಬಿಡು" ಎಂದು ಅಮ್ಮ ಎದ್ದು ಕೂತು ನಾನು ಕಲಸಿಕೊಟ್ಟ ಎರಡು ತುತ್ತು ಅನ್ನ ತಿಂದಳು. ಅವಳು ನಂಬಿ ತಿಂದಳೋ, ನನಗಾಗಿ ತಿಂದಳೋ ತಿಳಿಯದು. ಆಮೇಲೆ ಬದುಕಿದ್ದಷ್ಟು ವರ್ಷವೂ ಅವಳು ಬಯಲಮ್ಮನ ಹೆಸರೆತ್ತಲಿಲ್ಲ. ಆ ದಿನ ಮಲಗಿದ್ದಾಗ ಏನಾದರೂ ಕನಸು ಬಿದ್ದಿತ್ತೇ ಎಂದು ಅವಳನ್ನು ಕೇಳಬೇಕೆಂದು ನೂರು ಸಲ ಅಂದುಕೊಂಡೆ. ಅದನ್ನೂ ಕೇಳಲಿಲ್ಲ.

ರಘು ಬರಲಿಲ್ಲ. ಸತ್ತನೆಂಬ ಸುದ್ದಿಯೂ ಬರಲಿಲ್ಲ. ಎಂಬತ್ತರ ದಶಕದ ನಡುವೆ ಹೇಗೋ ಥೀಸಿಸ್ ಮುಗಿಸಿದೆ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಪಟ್ಟಿಯ ಮೇಲೆ ಬೆರಳಿಟ್ಟು, ನೂರ ಹದಿನೆಂಟಾದ ಮೇಲೆ ನೂರ ಇಪ್ಪತ್ತಿದೆಯಲ್ಲ, ನಡುವಿನದೆಲ್ಲಿ ಎಂದು ಕೇಳಿದರು. ಸಂಖ್ಯೆ ಹಾಕುವಾಗ ತಪ್ಪಾಗಿದೆ ಸರ್ ಎಂದೆ. ಅವರು ಪುಟ ತಿರುಗಿಸಿದರು. ಪಕ್ಕದಲ್ಲಿದ್ದ ನನ್ನ ಮೇಷ್ಟ್ರು ಮಾತ್ರ ತಮ್ಮ ಪ್ರತಿಯಲ್ಲಿ ಆ ಪುಟವನ್ನೇ ತೆರೆದಿಟ್ಟುಕೊಂಡಿದ್ದರು.

ನೋಟ್‌ಬುಕ್ ಈಗಲೂ ನನ್ನಲ್ಲಿದೆ. ಎಪ್ಪತ್ತಮೂರನೆಯ ಸಾಲಿನ ಪುಟದಲ್ಲಿ ಹಳದಿ ದಾರವಿದೆ. ನೂರ ಹತ್ತೊಂಬತ್ತನೆಯ ಸಾಲೂ ಇದೆ, ನನ್ನದೇ ಅಕ್ಷರ. ಉಳಿದವರ ಕೊನೆಯ ಕಾಲಂ ತುಂಬಲು ತಿಂಗಳುಗಟ್ಟಲೆ ಅಲೆದಿದ್ದೆ. ಇದೊಂದನ್ನು ಅದೇ ಸಂಜೆ ಬಸ್ಸಿನಲ್ಲಿ ಕೂತು ತುಂಬಿದ್ದೆ: 'ಕೇಳಲಿಲ್ಲ'.

ಅದನ್ನು ಹೊಡೆದುಹಾಕಿ ಬೇರೆ ಬರೆಯುವುದು ಈಗಲೂ ನನ್ನ ಕೈಯಲ್ಲೇ ಇದೆ. ಗುಡಿ ಅಲ್ಲೇ ಇದೆ, ಮುನಿಯಪ್ಪನ ಮಗ ಹೂ ಇಡುತ್ತಾನೆ. ಅಮ್ಮ ಹೋಗಿ ಇಪ್ಪತ್ತು ವರ್ಷವಾಯಿತು, ರಘು ಇದ್ದರೆ ಅವನಿಗೂ ತಲೆ ನೆರೆತಿರಬೇಕು. ಹೋದ ಮಂಗಳವಾರವೂ ಹೋಗಿದ್ದೆ. ಸಾಲಿನಲ್ಲಿ ನಿಂತು, ನನ್ನ ಸರದಿ ಬಂದಾಗ ಮುಂದೆ ಹೋಗಿ ಕೈಮುಗಿದೆ. ಸ್ವಲ್ಪ ಹೊತ್ತಾದ ಮೇಲೆ ನೀರು ಕೇಳಿ, ಕುಡಿದು, ಬಂದೆ.