ಕುರ್ಚಿಯಡಿಯ ತಾರೀಖು

ಅವಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಹರಿದ ಕುರ್ಚಿಗಳಿಗೆ ಬೆತ್ತ ಹೆಣೆದುಕೊಡುತ್ತಿದ್ದುದರಿಂದ ಎಲ್ಲರಿಗೂ ಅವಳು ಬೆತ್ತದಕ್ಕ. ಅಪ್ಪನಿಂದ ಬಂದ ಕಸುಬು. ಕಸುಬಿನ ಬೆನ್ನಿಗೆ ಒಂದು ಪದ್ಧತಿಯೂ ಬಂದಿತ್ತು. ಹೆಣಿಗೆ ಮುಗಿಸಿ ಕುರ್ಚಿಯನ್ನು ಒಪ್ಪಿಸುವ ದಿನ ಅದನ್ನು ಬೋರಲು ಹಾಕಿ, ಚೌಕಟ್ಟಿನ ಅಡಿಯಲ್ಲಿ ಸೀಸದಕಡ್ಡಿಯಿಂದ ತಾರೀಖು ಬರೆಯುವುದು. ವರ್ಷದೊಳಗೆ ಹೆಣಿಗೆ ಸಡಿಲವಾದರೆ ರಿಪೇರಿ ಪುಕ್ಕಟೆ. ಬೇರೆ ರಶೀದಿಯಿಲ್ಲ. "ಕುರ್ಚಿಯೇ ರಶೀದಿ" ಎನ್ನುತ್ತಿದ್ದರು ಅಪ್ಪ.

ಎರಡನೆಯ ಬಾಣಂತನಕ್ಕೆ ಎರಡು ತಿಂಗಳಿರುವಾಗ ಅವಳು ಹೆರಿಗೆ ಭತ್ಯೆಯ ಕಚೇರಿಯ ಮೆಟ್ಟಿಲು ಹತ್ತಿದಳು. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಗುಮಾಸ್ತರು ಅರ್ಜಿಯನ್ನು ತಿರುವಿ ನೋಡಿದರು.

"ಸ್ವಂತ ಕೆಲಸದವರಿಗೂ ಭತ್ಯೆ ಇದೆಯಮ್ಮ. ಸಂಪಾದನೆ ಕಡಿಮೆ ಅಂತ ತಳ್ಳಿಹಾಕಲ್ಲ. ಆದ್ರೆ ಹೋದ ಒಂದು ವರ್ಷದಲ್ಲಿ ಇಪ್ಪತ್ತಾರು ವಾರ ಕೆಲಸ ಮಾಡಿದೀರಿ ಅನ್ನೋದಕ್ಕೆ ಪುರಾವೆ ಬೇಕು."

"ಪುರಾವೆ ಇದೆ ಸಾರ್."

"ಎಲ್ಲಿ?"

"ಜನ ಅದರ ಮೇಲೆ ಕೂತಿದಾರೆ."

ವಿಷಯ ತಿಳಿದು ಗುಮಾಸ್ತರು ನಕ್ಕರು. "ಹಾಗಾದ್ರೆ ಎಲ್ಲರನ್ನೂ ಎಬ್ಬಿಸಿ, ತಾರೀಖು ಬರ್ಕೊಂಡು, ಕುರ್ಚಿಯವರ ಸಹಿ ಹಾಕಿಸ್ಕೊಂಡು ಬನ್ನಿ. ತಾರೀಖು ಬಿದ್ದ ಒಂದೊಂದು ವಾರಾನೂ ಲೆಕ್ಕಕ್ಕೆ ತಗೋತೀನಿ. ಶುಕ್ರವಾರ ಕೊನೇ ದಿನ."

ಮನೆಯಲ್ಲಿ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಯೇ ಬಿಟ್ಟರು. ಮೊದಲ ಮಗು ಹುಟ್ಟಿದ ಹದಿನೈದನೆಯ ದಿನವೇ ಸೊಸೆ ಬಕೆಟ್ಟಿನಲ್ಲಿ ಬೆತ್ತ ನೆನೆಹಾಕಿ ಕೂತದ್ದನ್ನು ಅವರು ಮರೆತಿರಲಿಲ್ಲ. ಬಗ್ಗಿ ಬಗ್ಗಿ ಅವಳ ನಡು ಆಗ ಹಿಡಿದುಕೊಂಡದ್ದು ಒಂದು ವರ್ಷ ಬಿಟ್ಟಿರಲಿಲ್ಲ. ಭತ್ಯೆ ಬಂದರೆ ಈ ಸಲ ಹದಿನಾಲ್ಕು ವಾರ ವಿಶ್ರಾಂತಿ. ಬಾರದಿದ್ದರೆ ಮತ್ತೆ ಅದೇ ಬಕೆಟ್ಟು.

"ನೀನು ನೋಟ್‌ಬುಕ್ ಹಿಡ್ಕೊ. ಬಗ್ಗೋ ಕೆಲಸ ನಂದು" ಎಂದರು ಅತ್ತೆ.

ಹೀಗೆ ಅತ್ತೆ ಸೊಸೆ ಕುರ್ಚಿ ಬೇಟೆಗೆ ಹೊರಟರು. ಹಲ್ಲಿನ ವೈದ್ಯರ ಕೋಣೆಯ ಮುಂದೆ ಕೆನ್ನೆ ಊದಿಸಿಕೊಂಡು ಕೂತವರೆಲ್ಲ ಎದ್ದು ನಿಂತರು. ಕ್ಷೌರದಂಗಡಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡ ಗಿರಾಕಿಯೊಬ್ಬ ಏಳಲೊಲ್ಲ.

"ಏಳಪ್ಪಾ ಒಂದು ಗಳಿಗೆ, ನಿನ್ನ ಕೆಳಗೆ ನನ್ನ ಸೊಸೇದು ಒಂದು ವಾರ ಇದೆ!" ಎಂದರು ಅತ್ತೆ.

"ಏನಜ್ಜಿ, ನಾನು ಬಂದು ಇನ್ನೂ ಹತ್ತು ನಿಮಿಷ ಆಗಿಲ್ಲ!" ಎನ್ನುತ್ತ ಅವನು ಎದ್ದ. ಅಂಗಡಿಯವನು ಸಹಿ ಹಾಕುವಾಗ ಕಾಗದದ ಮೂಲೆಗೂ ಒಂದಿಷ್ಟು ನೊರೆ ತಾಗಿತು.

ಗುರುವಾರ ಸಂಜೆಯ ಹೊತ್ತಿಗೆ ಇಪ್ಪತ್ತನಾಲ್ಕು ವಾರಗಳು ಸಿಕ್ಕಿದ್ದವು. ಉಳಿದದ್ದು ಕ್ಯಾಂಟೀನು. ಅಲ್ಲಿ ಅವಳು ಹೆಣೆದ ಕುರ್ಚಿಗಳು ಆರು. ಎರಡು ವಾರದ ಕೆಲಸ. ಲೆಕ್ಕ ಸರಿಹೋಯಿತು ಎಂದು ಅತ್ತೆ ಖುಷಿಯಿಂದ ಕುರ್ಚಿಗಳನ್ನು ಮಗುಚಿದರು. ಬೆತ್ತದಕ್ಕ ತಲೆಯ ಮೇಲೆ ಕೈಯಿಟ್ಟಳು. ಆರನ್ನೂ ಒಟ್ಟಿಗೆ ಗಾಡಿಯಲ್ಲಿ ತಂದು ಒಪ್ಪಿಸಿದ್ದರಿಂದ ಆರಕ್ಕೂ ಒಂದೇ ತಾರೀಖು ಬರೆದಿದ್ದಳು!

ಶುಕ್ರವಾರ ಗುಮಾಸ್ತರು ಪಟ್ಟಿಯ ಮೇಲೆ ಬೆರಳಾಡಿಸುತ್ತ ಬಂದು ಕ್ಯಾಂಟೀನಿನ ಸಾಲಿನಲ್ಲಿ ನಿಲ್ಲಿಸಿದರು.

"ಆರು ಕುರ್ಚಿ, ಒಂದು ತಾರೀಖು, ಒಂದು ವಾರ. ಅದರ ಹಿಂದಿನ ವಾರ ಖಾಲಿ. ಒಟ್ಟು ಇಪ್ಪತ್ತೈದು. ಏನ್ಮಾಡ್ಲಮ್ಮ, ಒಂದು ಕಡಿಮೆ."

"ಒಂದು ವಾರದಲ್ಲಿ ಆರು ಕುರ್ಚಿ ಆಗಲ್ಲ ಸಾರ್. ಒಂದಕ್ಕೇ ಎರಡು ದಿನ ಹಿಡಿಯತ್ತೆ."

"ಹಾಗಂತ ನೀವು ಹೇಳ್ತೀರಿ. ನಂಗೇನು ಗೊತ್ತು?"

ಅತ್ತೆ ಕೋಣೆಯ ಸುತ್ತ ಕಣ್ಣು ಹಾಯಿಸಿದರು. ಮೂಲೆಯಲ್ಲಿ ಬೆತ್ತವೆಲ್ಲ ಕಿತ್ತುಹೋಗಿ ಬರೀ ತೂತುಗಳುಳಿದ ಕುರ್ಚಿಯೊಂದು ಮೇಲೊಂದು ಹಲಗೆ, ಅದರ ಮೇಲೆ ಕಡತಗಳನ್ನು ಹೊತ್ತು ನಿಂತಿತ್ತು. ಸೊಸೆಯ ಚೀಲದಲ್ಲಿ, ಮುಂದಿನ ಕೆಲಸಕ್ಕೆಂದು ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬೆತ್ತದ ಎಳೆಗಳೂ ಸಣ್ಣ ಮರದ ಗೂಟಗಳೂ ಇದ್ದವು.

"ಗೊತ್ತಿಲ್ದಿದ್ರೆ ಗೊತ್ಮಾಡ್ಕೊಳ್ಳಿ ಸ್ವಾಮಿ" ಎಂದು ಅತ್ತೆ ಕಡತ, ಹಲಗೆ ಕೆಳಗಿಳಿಸಿ ಕುರ್ಚಿಯನ್ನು ಎಳೆದು ಅವರ ಮುಂದಿಟ್ಟರು. "ಹೆಣೀರಿ. ಅವಳು ಹೇಳಿಕೊಡ್ತಾಳೆ."

ಸಾಲಿನಲ್ಲಿ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಗುಮಾಸ್ತರಿಗೂ ಹಟ ಬಂತು. ಅಂಗಿಯ ತೋಳು ಮಡಿಸಿ ಕೂತರು. ತೂತಿನಲ್ಲಿ ಎಳೆ ತೂರಿಸಬೇಕು, ಬಿಗಿಯಾಗಿ ಎಳೆಯಬೇಕು, ಎಳೆ ಜಾರದಂತೆ ತೂತಿಗೆ ಗೂಟ ಸಿಕ್ಕಿಸಬೇಕು. ಎಳೆದರೆ ಗೂಟ ಹಾರುತ್ತಿತ್ತು. ಗೂಟ ನೋಡಿಕೊಂಡರೆ ಎಳೆ ತಿರುಚಿಕೊಳ್ಳುತ್ತಿತ್ತು. ಅರ್ಧ ಗಂಟೆಯಾದಾಗ ಕೈಗೂಡಿದ್ದು ಐದು ಸಾಲು. ಅದರಲ್ಲಿ ಎರಡು ಸಡಿಲ. ಹೆಬ್ಬೆರಳು ಕೊಯ್ದುಕೊಂಡಿತ್ತು.

"ಇಷ್ಟೇನಾ? ಇನ್ನೂ ಇದೆಯಾ?" ಎಂದರು ಬೆರಳು ಚೀಪುತ್ತ.

"ಉದ್ದಕ್ಕೆ ಎರಡು ಸುತ್ತು, ಅಡ್ಡಕ್ಕೆ ಎರಡು ಸುತ್ತು, ಆಮೇಲೆ ಓರೆಯಾಗಿ ಎರಡು ಸುತ್ತು ಸಾರ್. ನೀವಿನ್ನೂ ಮೊದಲನೇ ಸುತ್ತಲ್ಲೇ ಇದೀರಿ."

ಗುಮಾಸ್ತರು ಅವಳ ಹೊಟ್ಟೆಯನ್ನೊಮ್ಮೆ, ಗಂಟುಗಟ್ಟಿದ ಬೆರಳುಗಳನ್ನೊಮ್ಮೆ ನೋಡಿದರು. ಮೇಜಿಗೆ ಹೋಗಿ, ಪಟ್ಟಿಯ ಕೆಳಗೆ ಬರೆದರು: 'ಆರು ಕುರ್ಚಿ, ಹನ್ನೆರಡು ದಿನ, ಎರಡು ವಾರ. ಖುದ್ದಾಗಿ ಪರೀಕ್ಷಿಸಿದ್ದೇನೆ.' ಕೆಳಗೆ ಸಹಿ, ಮೊಹರು. ಜೊತೆಗೆ ಹೆಬ್ಬೆರಳಿನ ಒಂದು ಸಣ್ಣ ಕೆಂಪು ಗುರುತು.

ಮಗ ಹುಟ್ಟಿದ. ಹದಿನಾಲ್ಕು ವಾರ ಬಕೆಟ್ಟು ಹಿತ್ತಲಲ್ಲಿ ಬೋರಲು ಬಿದ್ದಿತ್ತು. ಅದನ್ನು ನೆಟ್ಟಗೆ ನಿಲ್ಲಿಸಲು ಅತ್ತೆ ಯಾರನ್ನೂ ಬಿಡಲಿಲ್ಲ. ಹದಿನೈದನೆಯ ವಾರ ಬೆತ್ತದಕ್ಕ ಹಿಡಿದ ಮೊದಲ ಕೆಲಸ ಕಚೇರಿಯ ಆ ಮೂಲೆಯ ಕುರ್ಚಿ. ಹಳೆಯ ಐದು ಸಾಲನ್ನು ಕತ್ತರಿಸಲು ಹೋದಾಗ ಗುಮಾಸ್ತರು ಓಡಿಬಂದರು.

"ಇರ್ಲಿ ಇರ್ಲಿ, ನಂದು ಇರ್ಲಿ. ಅದರ ಪಕ್ಕದಿಂದ ಶುರುಮಾಡಿ."

"ಇರ್ಲಿ ಅಂದ್ರೆ ಇರತ್ತೆ ಸಾರ್" ಎಂದಳು ಅವಳು, ಕತ್ತರಿ ಕೆಳಗಿಟ್ಟು. "ಆದ್ರೆ ಆ ಐದು ಸಾಲಿಗೆ ಪುಕ್ಕಟೆ ರಿಪೇರಿ ಇಲ್ಲ."